ಉಳಿಕೆಗೆ ಯಾರು ಹೊಣೆ?

ಪಂಪ 941ರಲ್ಲಿ ‘ಆದಿಪುರಾಣ’ ರಚಿಸಿದಾಗ ಅವನು ಹಿಡಿದ ಜೈನ ಕಥನದಲ್ಲಿ ಮನುಷ್ಯ ದುಡಿಯತೊಡಗುವುದು ಕಲ್ಪವೃಕ್ಷಗಳು ಸೊರಗಿದ ಮೇಲೆ. ಅಲ್ಲಿಯವರೆಗೆ ಭೋಗಭೂಮಿಯಲ್ಲಿ ಊಟ, ಉಡುಗೆ, ಬೆಳಕು ಎಲ್ಲವನ್ನೂ ಮರಗಳೇ ಕೊಡುತ್ತಿದ್ದವು. ಕಾಲ ಇಳಿಮುಖವಾದಂತೆ ಮರಗಳ ಶಕ್ತಿ ಕುಂದಿತು. ದಿಕ್ಕು ತೋಚದೆ ಬಂದ ಪ್ರಜೆಗಳಿಗೆ ನಾಭಿರಾಜನ ಮಗ ವೃಷಭನಾಥ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕಸುಬುಗಳನ್ನು ಕಲಿಸಿದ, ಭೋಗಭೂಮಿ ಕರ್ಮಭೂಮಿಯಾಯಿತು. ಈ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಸಂಗತಿಯೊಂದಿದೆ. ಬದುಕಿನ ದಾರಿ ಕಳೆದುಕೊಂಡ ಆ ಜನರನ್ನು ಯಾರೂ ‘ಮರ ಬತ್ತಿದ್ದು ನಿಮ್ಮ ತಪ್ಪಿನಿಂದ’ ಎನ್ನುವುದಿಲ್ಲ. ಮರಗಳನ್ನು ಬತ್ತಿಸಿದ್ದು ಕಾಲ, ಹೊಸ ಕೆಲಸ ಕಲಿಸುವ ಹೊಣೆ ಬಿದ್ದದ್ದು ಆಳುವವನ ಮೇಲೆ. ತುಮಕೂರು ಜಿಲ್ಲೆ ತನ್ನನ್ನು ಕಲ್ಪತರು ನಾಡು ಎಂದು ಕರೆದುಕೊಳ್ಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಆ ಹೆಸರಿಗೆ ಸಾಕ್ಷಿಯಾಗಿ ಕಣ್ಣಿಗೆ ಕಾಣುವಷ್ಟು ದೂರ ತೆಂಗು ನಿಂತಿದೆ. (ಕೇಳಿದ್ದನ್ನೆಲ್ಲ ಕೊಡುವ ಮರವೇನಲ್ಲ, ಕೊಡುವುದಕ್ಕಿಂತ ಮೊದಲು ನೀರು, ಗೊಬ್ಬರ, ಆಳು ಕೇಳುತ್ತದೆ.) ಇಲ್ಲಿನ ಉದ್ಯೋಗಗಳು ರಾಜ್ಯದ ಉದ್ಯೋಗಗಳ ಜೊತೆ ಹೆಜ್ಜೆ ಹಾಕದೆ ಒಮ್ಮೆ ಹಿಂದೆ ಬಿದ್ದಾಗ, ಒಮ್ಮೆ ಅಡ್ಡದಾರಿ ಹಿಡಿದಾಗ, ಆ ವ್ಯತ್ಯಾಸವನ್ನು ಯಾರ ಖಾತೆಗೆ ಬರೆಯಬೇಕು? ಮೇಲ್ನೋಟಕ್ಕೆ ಇದು ಅರ್ಥಶಾಸ್ತ್ರದ ಪ್ರಶ್ನೆ. ಸ್ವಲ್ಪ ಕೆದಕಿದರೆ ಸಿಗುವುದು ದೈವ ಮತ್ತು ಪುರುಷಕಾರದ, ಅಂದರೆ ಮನುಷ್ಯಪ್ರಯತ್ನದ, ಹಳೆಯ ಜಗಳ.

ಮೊದಲು ರಾಜ್ಯದ ಚಿತ್ರ. 2001ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ದುಡಿಯುವವರು ಸುಮಾರು 2.35 ಕೋಟಿ; 2011ಕ್ಕೆ ಸುಮಾರು 2.79 ಕೋಟಿ. ಆ ಹತ್ತು ವರ್ಷಗಳಲ್ಲಿ ಸಾಗುವಳಿದಾರರ ಪಾಲು ಶೇ 29ರಿಂದ ಶೇ 24ರ ಹತ್ತಿರಕ್ಕೆ ಇಳಿಯಿತು, ಕೃಷಿ ಕೂಲಿಗಳು ಶೇ 26ರ ಆಸುಪಾಸಿನಲ್ಲೇ ಉಳಿದರು, ಮನೆಕಸುಬುಗಳು ಇನ್ನಷ್ಟು ಕುಗ್ಗಿದವು, ‘ಇತರೆ ಕೆಲಸಗಾರರು’ ಶೇ 40ರಿಂದ ಶೇ 47ಕ್ಕೆ ಏರಿದರು. ಇಂಥ ರಾಜ್ಯದ ಜೊತೆ ಒಂದು ತಾಲ್ಲೂಕನ್ನು ಹೋಲಿಸಲು ಅರ್ಥಶಾಸ್ತ್ರಜ್ಞರ ಬಳಿ ಒಂದು ಲೆಕ್ಕವಿದೆ. 1960ರ ಸುಮಾರಿಗೆ ಅಮೆರಿಕದ ಎಡ್ಗರ್ ಡನ್ ಅವರ ಬರಹದಿಂದ ಹೆಸರಾದ ಈ ಲೆಕ್ಕ ಊರಿನ ಉದ್ಯೋಗದ ಏರಿಳಿತವನ್ನು ಮೂರು ಭಾಗ ಮಾಡುತ್ತದೆ. ಇಡೀ ರಾಜ್ಯ ಬೆಳೆದದ್ದರಿಂದ ಬಂದದ್ದು ಎಷ್ಟು, ಆ ಊರಿನಲ್ಲಿದ್ದ ಉದ್ಯಮಗಳ ಜಾತಕದಿಂದ ಬಂದದ್ದು ಎಷ್ಟು, ಇವೆರಡನ್ನೂ ಕಳೆದ ಮೇಲೆ ಉಳಿದದ್ದು ಎಷ್ಟು. ಊಹೆಗೆ ಹತ್ತು ಸಾವಿರ ದುಡಿಯುವವರಿರುವ ಒಂದು ತಾಲ್ಲೂಕು ಇಟ್ಟುಕೊಳ್ಳೋಣ. ರಾಜ್ಯ ಶೇ 20 ಬೆಳೆದರೆ ಇಲ್ಲಿ ಎರಡು ಸಾವಿರ ಹೊಸ ಉದ್ಯೋಗ ಬರಬೇಕಿತ್ತು. ಆದರೆ ಇಲ್ಲಿರುವುದು ನಿಧಾನವಾಗಿ ಬೆಳೆಯುವ ಉದ್ಯಮಗಳು, ಆ ಕಾರಣಕ್ಕೆ ಒಂದು ಸಾವಿರದ ಇನ್ನೂರು ಖೋತಾ. ನಿರೀಕ್ಷೆ ಎಂಟುನೂರಕ್ಕೆ ಇಳಿಯಿತು. ನಿಜವಾಗಿ ಬಂದದ್ದು ಐದುನೂರು. ಉಳಿದ ಮುನ್ನೂರರ ಕೊರತೆಗೆ ಲೆಕ್ಕದಲ್ಲಿ ಇರುವ ಹೆಸರು ‘ಸ್ಥಳೀಯ ಪಾಲು’. ಕೆಲವರು ಅದನ್ನು ಊರಿನ ಸ್ಪರ್ಧಾಶಕ್ತಿ ಎಂದೂ ಕರೆಯುತ್ತಾರೆ.

ನನ್ನ ತಕರಾರು ಇರುವುದು ಈ ಕೊನೆಯ ಹೆಸರಿನ ಮೇಲೆ. ಮುನ್ನೂರು ಎಂಬುದು ಅಳೆದು ಸಿಕ್ಕಿದ ಸಂಖ್ಯೆಯಲ್ಲ, ಅಳೆಯಲು ಆಗದೆ ಉಳಿದದ್ದು. ಉಳಿದದ್ದಕ್ಕೆ ಒಂದು ಗುಣದ ಹೆಸರಿಟ್ಟ ಕೂಡಲೇ ಅದು ಊರಿನ ಸ್ವಭಾವವಾಗಿಬಿಡುತ್ತದೆ: ಈ ಕಡೆಯವರಿಗೆ ಉದ್ಯಮಶೀಲತೆ ಇಲ್ಲ, ಮರ ನೆಚ್ಚಿಕೊಂಡು ಕೂತವರು, ಹುಡುಗರಿಗೆ ಮೈ ಬಗ್ಗುವುದಿಲ್ಲ. ನಮ್ಮ ವೈಶೇಷಿಕರು ಇದನ್ನು ಬಹಳ ಹಿಂದೆಯೇ ಮಾಡಿದ್ದರು. ಸೂಜಿ ಸೂಜಿಗಲ್ಲಿನ ಕಡೆಗೆ ಸರಿಯುವುದಕ್ಕೆ ಕಣ್ಣಿಗೆ ಕಾಣುವ ಕಾರಣ ಸಿಗದಾಗ ಕಣಾದನ ಸೂತ್ರ ಅದನ್ನು ‘ಅದೃಷ್ಟ’ಕ್ಕೆ ಒಪ್ಪಿಸುತ್ತದೆ. ಅಲ್ಲಿಗೆ ನಿಂತಿದ್ದರೆ ಅದು ಪ್ರಾಮಾಣಿಕವಾದ ಮಾತೇ. ಕಾಣದ ಕಾರಣ ಒಂದಿದೆ ಎಂದಷ್ಟೇ ಹೇಳಿದಂತಾಗುತ್ತಿತ್ತು. ಆದರೆ ಅದೇ ಅದೃಷ್ಟ ಜೀವಿಯ ಪಾಪಪುಣ್ಯಗಳ ಸಂಚಯವೂ ಆದ್ದರಿಂದ ಗೊತ್ತಿಲ್ಲದ ಕಾರಣ ಅರ್ಹತೆಯ ತೀರ್ಪಾಗಿ ತಿರುಗಿತು. ಬಡವನ ಬಡತನಕ್ಕೆ ‘ಪಡೆದುಕೊಂಡು ಬಂದದ್ದು’ ಎನ್ನುವ ನಾಡುಮಾತು ಹುಟ್ಟುವುದು ಇಲ್ಲಿಂದಲೇ. ಲೆಕ್ಕದ ಉಳಿಕೆಯನ್ನು ಊರಿನ ಯೋಗ್ಯತೆ ಎಂದು ಓದುವವನು ಕೋಷ್ಟಕ ಹಿಡಿದುಕೊಂಡು ಅದೇ ಮಾತನ್ನು ಆಡುತ್ತಿದ್ದಾನೆ. ತೆಂಗಿನ ಸೀಮೆಯ ಉಳಿಕೆಯೊಳಗೆ ನಿಜವಾಗಿ ಏನೇನು ಸೇರಿಕೊಂಡಿದೆ ಎಂದು ಬಿಡಿಸಿ ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಮೊದಲನೆಯದಾಗಿ ಹೆಸರಿಡುವುದರಲ್ಲೇ ತೊಡಕಿದೆ. ಜನಗಣತಿಯ ವ್ಯಾಖ್ಯೆಯಲ್ಲಿ ‘ಸಾಗುವಳಿ’ ಎಂದರೆ ಧಾನ್ಯ, ಬೇಳೆ, ಕಬ್ಬು, ಶೇಂಗಾ, ಹಣ್ಣು, ತರಕಾರಿ ಇತ್ಯಾದಿ. ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ ಇದರಲ್ಲಿ ಸೇರುವುದಿಲ್ಲ ಎಂದು ಅದು ಬಿಡಿಸಿಯೇ ಹೇಳುತ್ತದೆ. ಅಂದರೆ ಪುಸ್ತಕದ ಪ್ರಕಾರ ತಿಪಟೂರಿನ ತೆಂಗು ಬೆಳೆಗಾರ ಸಾಗುವಳಿದಾರನಲ್ಲ. ಅವನ ಜಾಗ ‘ಇತರೆ’ ಎಂಬ ಕಲಂನಲ್ಲಿ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರ್ ಪಕ್ಕದಲ್ಲಿ. ರಾಗಿ ಹೊಲಕ್ಕೆ ತೆಂಗಿನ ಸಸಿ ಇಟ್ಟು ಅದೇ ನೆಲದಲ್ಲಿ ಅದೇ ಗುದ್ದಲಿ ಹಿಡಿದು ದುಡಿಯುವ ಮನುಷ್ಯ ಎರಡು ಗಣತಿಗಳ ನಡುವೆ ಬೇಸಾಯ ಬಿಟ್ಟವನಾಗುತ್ತಾನೆ. ಗಣತಿಗೆ ಬಂದ ಮೇಷ್ಟರು ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೋ, ತೋಟ ನೋಡಿ ರೈತ ಎಂದೇ ಬರೆದುಕೊಂಡರೋ, ಅದು ಮನೆಯಿಂದ ಮನೆಗೆ ಬೇರೆಯಾಗಿರಬಹುದು. ಎರಡರಲ್ಲಿ ಯಾವುದು ನಡೆದಿದ್ದರೂ ತೆಂಗಿನ ತಾಲ್ಲೂಕಿನ ‘ಕೃಷಿಯಿಂದ ಕೃಷಿಯೇತರಕ್ಕೆ ಪಲ್ಲಟ’ ರಾಯಚೂರಿನ ಜೋಳದ ತಾಲ್ಲೂಕಿನ ಪಲ್ಲಟದ ಜೊತೆ ಹೋಲಿಕೆಗೆ ಸಿಗುವುದಿಲ್ಲ. ರಾಜ್ಯದ ಸರಾಸರಿಯ ಎದುರು ಇಲ್ಲಿನ ‘ಇತರೆ’ ಹೆಚ್ಚಾಗಿ ಕಂಡರೆ ಪ್ರಗತಿ ಎಂದು ಹಿಗ್ಗುವುದೂ, ಕಡಿಮೆ ಕಂಡರೆ ಹಿಂದುಳಿದವರೆಂದು ಜರೆಯುವುದೂ ಸಮಾನವಾಗಿ ಆಧಾರವಿಲ್ಲದ ಕೆಲಸ.

ಇದಕ್ಕಿಂತ ಆಳವಾದ ತೊಡಕು ಮರದ ಒಳಗೇ ಇದೆ. ತಿಪಟೂರು ಸೀಮೆಯ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಇಲ್ಲಿನ ಎಪಿಎಂಸಿ ದೇಶದ ಉಂಡೆ ಕೊಬ್ಬರಿಗೆ ಬೆಲೆ ಕಟ್ಟುವ ಮಾರುಕಟ್ಟೆ. ಬಲಿತ ಕಾಯಿಯನ್ನು ಕಿತ್ತು, ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ಎಂಟು ಹತ್ತು ತಿಂಗಳು ಕಾಯಬೇಕು. ಆಮೇಲೆ ಸುಲಿಯಬೇಕು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸಬೇಕು, ಗಾತ್ರ ನೋಡಿ ಆರಿಸಬೇಕು, ಮೂಟೆ ಕಟ್ಟಬೇಕು. ಸಿಪ್ಪೆ ನಾರಿನ ಮಿಲ್ಲಿಗೆ ಹೋಗುತ್ತದೆ, ಚಿಪ್ಪು ಇದ್ದಿಲಿಗೆ, ಹಸಿಕಾಯಿಯ ಒಂದು ಪಾಲು ಡೆಸಿಕೇಟೆಡ್ ಪುಡಿಯ ಕಾರ್ಖಾನೆಗಳಿಗೆ; ಅಲ್ಲಿ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯುವ ಸಾಲಿನಲ್ಲಿ ಕೂರುವವರು ಹೆಚ್ಚಾಗಿ ಹೆಂಗಸರು. ಮಂಡಿಯಲ್ಲಿ ದಲ್ಲಾಳಿ, ಹಮಾಲ, ಗುಮಾಸ್ತ, ಉತ್ತರ ಭಾರತಕ್ಕೆ ಸರಕು ಒಯ್ಯುವ ಲಾರಿ. ಈಗ ಬೆಳೆಗಾರ ಒಂದು ತೀರ್ಮಾನ ಬದಲಿಸಿ, ಏಳನೇ ತಿಂಗಳಲ್ಲೇ ಗೊನೆ ಇಳಿಸಿ ಎಳನೀರಿಗೆ ಕೊಟ್ಟ ಎನ್ನೋಣ. ಅವನಿಗೆ ಕೈಗೆ ಬೇಗ ದುಡ್ಡು ಬಂತು, ಅಟ್ಟದ ಕಾವಲು ತಪ್ಪಿತು. ನಾನು ಅವನ ಜಾಗದಲ್ಲಿದ್ದರೂ ಬಹುಶಃ ಅದನ್ನೇ ಮಾಡಿಯೇನು. ಆದರೆ ಆ ಕಾಯಿ ಲಾರಿ ಹತ್ತಿದ ಗಳಿಗೆಯಲ್ಲಿ ಸುಲಿಯುವವನ, ಒಡೆಯುವವಳ, ನಾರು ಮಿಲ್ಲಿನವಳ, ಹಮಾಲನ ದಿನಗೂಲಿ ಊರು ಬಿಟ್ಟುಹೋಯಿತು. ಅಂಕಿಅಂಶದಲ್ಲಿ ಇದು ಮನೆಕಸುಬು, ತಯಾರಿಕೆ, ವ್ಯಾಪಾರ, ಸಾಗಣೆ ಎಂಬ ನಾಲ್ಕು ಬೇರೆ ಬೇರೆ ಉದ್ಯಮಗಳ ಕುಸಿತವಾಗಿ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತದೆ. ನಾಲ್ಕೂ ಕಡೆ ಊರು ರಾಜ್ಯಕ್ಕಿಂತ ಹಿಂದೆ ಬಿದ್ದಿತು ಎಂದು ವರದಿ ಹೇಳುತ್ತದೆ. ಅಟ್ಟದಲ್ಲಿ ಕಾಯಿ ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ ಅದರಲ್ಲಿ ಕಲಂ ಇಲ್ಲ.

ಬೆಲೆಯ ಕಥೆ ಇನ್ನೂ ವಿಚಿತ್ರ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಪೇಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ, 8 ಸಾವಿರದ ಆಸುಪಾಸಿಗೆ ಬಿದ್ದಿತ್ತು. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗಾಗಿ ರೈತರು ಸಾಲು ನಿಂತರು. 2025ರ ನಡುಭಾಗದಲ್ಲಿ ಅದೇ ಪೇಟೆ 20 ಸಾವಿರ ದಾಟಿತು. ಎರಡು ವರ್ಷಗಳಲ್ಲಿ ಈ ಸೀಮೆಯ ಜನ ಎರಡೂವರೆ ಪಟ್ಟು ಶ್ರಮಜೀವಿಗಳಾದರೆಂದು ಯಾರೂ ಹೇಳಲಾರರು. ಬರ, ಬಿಳಿ ನೊಣ, ರೋಗ, ಎಳನೀರಿಗೆ ಹರಿದುಹೋದ ಕಾಯಿ, ಎಲ್ಲ ಸೇರಿ ಇಳುವರಿ ಕುಗ್ಗಿತು, ದರ ಏರಿತು. ಇಲ್ಲಿ ಇನ್ನೊಂದು ಎಳೆಯಿದೆ. ಬೆಳೆಗಾರನ ಆದಾಯ ಬೆಲೆಯ ಮೇಲೆ ನಿಂತರೆ ಕೀಳುವವನ ಮತ್ತು ಸುಲಿಯುವವನ ಆದಾಯ ಎಣಿಕೆಯ ಮೇಲೆ ನಿಂತಿದೆ. ಸುಲಿಯುವ ಕೂಲಿ ಸಾವಿರ ಕಾಯಿಗೆ ಇಷ್ಟು ಎಂದು. ಕಾಯಿ ಕಡಿಮೆಯಾದದ್ದರಿಂದಲೇ ಬೆಲೆ ಏರಿದ ವರ್ಷ ತೋಟದ ಯಜಮಾನನ ಮನೆಯಲ್ಲಿ ಹಬ್ಬ, ಆಳಿನ ಮನೆಯಲ್ಲಿ ಕೆಲಸದ ಬರ. ಒಂದೇ ಮರದ ಕೆಳಗೆ ನಿಂತ ಇಬ್ಬರ ಪಾಲಿಗೆ ಒಂದೇ ವರ್ಷ ಎರಡು ಹಣೆಬರಹ ಬರೆಯಿತು. ಇದರಲ್ಲಿ ಯಾರದು ಪೂರ್ವಾರ್ಜಿತ?

ಚಿಕ್ಕನಾಯಕನಹಳ್ಳಿಯ ಗಣಿಗಳು ಇದೇ ಪ್ರಶ್ನೆಯನ್ನು ಇನ್ನಷ್ಟು ಒರಟಾಗಿ ಕೇಳುತ್ತವೆ. ಅದಿರಿನ ಬೇಡಿಕೆ ಏರಿದ ವರ್ಷಗಳಲ್ಲಿ ಆ ತಾಲ್ಲೂಕಿನ ಗುಡ್ಡಗಳಿಂದ ಕಬ್ಬಿಣ, ಮ್ಯಾಂಗನೀಸ್ ಅದಿರು ಲಾರಿಗಟ್ಟಲೆ ಹೋಯಿತು. ಚಾಲಕರು, ಲೋಡು ಮಾಡುವವರು, ರಸ್ತೆ ಬದಿಯ ಹೋಟೆಲುಗಳು ಅದರ ಸುತ್ತ ಬೆಳೆದವು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು. ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನ ನಂತರ ಷರತ್ತುಗಳೊಂದಿಗೆ ಮತ್ತೆ ಆರಂಭವಾದಾಗ ಎರಡೂ ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ ಎಂಬ ಮಿತಿ ಇತ್ತು. ನಿಷೇಧ ನ್ಯಾಯವಾಗಿತ್ತು ಎಂದೇ ನನ್ನ ಅಭಿಪ್ರಾಯ. ದೂಳು ಕುಡಿದ ತೋಟಗಳೂ ಆ ಕಡೆ ಇದ್ದವು. ಆದರೆ ಗುತ್ತಿಗೆಯ ಗಡಿ ಮೀರಿದವರು ಯಾರು, ರಾತ್ರೋರಾತ್ರಿ ಕೆಲಸ ಕಳೆದುಕೊಂಡವರು ಯಾರು? ಲಾರಿಯ ಕ್ಲೀನರ್ ಹುಡುಗ ಗುತ್ತಿಗೆಯ ನಕ್ಷೆ ನೋಡಿಯೇ ಇರಲಿಲ್ಲ. ಕರ್ಮಸಿದ್ಧಾಂತದ ಬಿಗಿಯಾದ ನಿಯಮವೆಂದರೆ ಮಾಡಿದವನೇ ಉಣ್ಣಬೇಕು ಎಂಬುದು. ಉದ್ಯೋಗದ ಲೋಕದಲ್ಲಿ ಆ ನಿಯಮ ದಿನನಿತ್ಯ ಮುರಿಯುತ್ತದೆ, ಮುರಿದದ್ದನ್ನು ಮುಚ್ಚಲು ಹಿಂದಿನ ಜನ್ಮವನ್ನು ಕರೆಯಬೇಕಾಗುತ್ತದೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರಕ್ಕೆ ಸಿಮೆಂಟ್ ಕಾರ್ಖಾನೆ ಬಂದದ್ದೂ, ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ ಆರಂಭವಾದದ್ದೂ ಇದೇ ತರ್ಕದ ಇನ್ನೊಂದು ಮುಖ. ದೂರದಲ್ಲಿ ಯಾರೋ ತೀರ್ಮಾನಿಸಿದರು. ಇಲ್ಲಿನ ಕಲಂ ಒಂದು ಏರಿತು.

ಸರಾಸರಿಯ ಒಳಗೇ ಇನ್ನೊಂದು ಮೋಸ ಅಡಗಿದೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಸೇವಾ ವಲಯ ಮೂರನೇ ಎರಡು ಪಾಲಿನಷ್ಟಿದೆ. ಪೀಣ್ಯ, ದಾಸರಹಳ್ಳಿಯ ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ತುರುವೇಕೆರೆಯ, ಚಿಕ್ಕನಾಯಕನಹಳ್ಳಿಯ ಹುಡುಗ ಹುಡುಗಿಯರು ದುಡಿಯುತ್ತಾರೆ. ಅವರನ್ನು ಎಣಿಸುವುದು ಅಲ್ಲಿ. ಊರಿನ ನಷ್ಟದ ಪಟ್ಟಿಯಲ್ಲಿ ಇಲ್ಲವಾದ ತಲೆಯೇ ರಾಜ್ಯದ ಬೆಳವಣಿಗೆಯ ಪಟ್ಟಿಯಲ್ಲಿ ಹೆಚ್ಚಾದ ತಲೆ. ಸಾಕಿ ಓದಿಸಿದ ಖರ್ಚು ತೋಟದ್ದು, ಉತ್ಪನ್ನ ನಗರದ್ದು. ಆಮೇಲೆ ತೋಟವನ್ನು ನಗರ ಸೇರಿದ ಸರಾಸರಿಯ ಎದುರು ನಿಲ್ಲಿಸಿ ‘ನೀನು ಹಿಂದೆ’ ಎನ್ನುವುದು, ಹೆತ್ತವರನ್ನು ಮಕ್ಕಳ ಸಂಬಳದ ಅಳತೆಯಲ್ಲಿ ಸೋಮಾರಿಗಳೆಂದು ಕರೆದಂತೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಹೋಲಿಕೆಯೇ ಬೇಡವೆಂದರೆ ಹಿಂದುಳಿದ ತಾಲ್ಲೂಕು ನ್ಯಾಯ ಕೇಳುವುದು ಹೇಗೆ? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಹಿಡಿದು, ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟು, ಆಗಿನ 175 ತಾಲ್ಲೂಕುಗಳಲ್ಲಿ 114 ಅದಕ್ಕಿಂತ ಕೆಳಗಿವೆ ಎಂದು ತೋರಿಸದೆ ಹೋಗಿದ್ದರೆ ಪ್ರಾದೇಶಿಕ ಅಸಮತೋಲನ ಎಂಬುದು ಭಾಷಣದ ಮಾತಾಗಿಯೇ ಉಳಿಯುತ್ತಿತ್ತು. ಒಪ್ಪುತ್ತೇನೆ. ಆ ಸಮಿತಿ ಕೊರತೆಯನ್ನು ಕಂಡು ಕೇಳಿದ್ದು ಇಲ್ಲಿ ಏನು ಹೂಡಬೇಕು ಎಂದು. ಅದು ವೃಷಭನಾಥನ ಬಳಿಗೆ ಪ್ರಜೆಗಳು ಒಯ್ದ ಪ್ರಶ್ನೆಯ ಜಾತಿಯದು. ಹೋಲಿಕೆಯಿಂದ ಬೇಡಿಕೆ ಹುಟ್ಟಿದರೆ ಅದು ಸರಿಯಾದ ಬಳಕೆ. ಅದೇ ಸಂಖ್ಯೆ ಹಿಡಿದು ಹೂಡಿಕೆ ನಿರಾಕರಿಸುವುದು, ಅಲ್ಲಿನ ಜನರಿಗೆ ಕೊಟ್ಟರೂ ಪ್ರಯೋಜನವಿಲ್ಲ ಎನ್ನುವುದು, ಉಳಿಕೆಯನ್ನು ಪಾಪವಾಗಿ ಓದುವ ಬಳಕೆ. ಸಂಖ್ಯೆ ತಾನಾಗಿ ಎರಡರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಎರಡನೆಯ ಆಕ್ಷೇಪ ಧರ್ಮದ ಕಡೆಯಿಂದ ಬರುತ್ತದೆ. ಎಲ್ಲವನ್ನೂ ಮಳೆ, ಮಾರುಕಟ್ಟೆ, ಕೋರ್ಟುಗಳ ಮೇಲೆ ಹಾಕಿದರೆ ಪುರುಷಕಾರಕ್ಕೆ ಏನು ಉಳಿಯಿತು? ಇದೂ ದೈವವಾದವೇ ಆಗಲಿಲ್ಲವೇ, ಯಮನ ಜಾಗದಲ್ಲಿ ಮಾರುಕಟ್ಟೆಯನ್ನು ಕೂರಿಸಿದ್ದಷ್ಟೇ? ಮಹಾಭಾರತದ ಅನುಶಾಸನಪರ್ವದಲ್ಲಿ ಭೀಷ್ಮ ಹೇಳುವ ಸಂವಾದವೊಂದು ದೈವವನ್ನು ಬೀಜಕ್ಕೂ ಪುರುಷಪ್ರಯತ್ನವನ್ನು ಹೊಲಕ್ಕೂ ಹೋಲಿಸಿ ಒಂದಿಲ್ಲದೆ ಇನ್ನೊಂದಿಲ್ಲ ಎನ್ನುತ್ತದೆ. ಆದರೆ ಅಲ್ಲಿಯೂ ಲೆಕ್ಕ ಒಬ್ಬೊಬ್ಬನದೇ. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಹನ್ನೆರಡನೆಯ ಶತಮಾನದ ಶರಣರ ದಾರಿ, ಏಕೆಂದರೆ ಅವರು ಹೊಣೆಯ ದಿಕ್ಕನ್ನೇ ತಿರುಗಿಸಿದರು. ಕಾಯಕ ಮಾಡಲೇಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಆದರೆ ಫಲ ಎಷ್ಟು ಬಂತು ಎಂಬುದು ಮನುಷ್ಯನ ಬೆಲೆಗೆ ಅಳತೆಗೋಲಲ್ಲ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಹೆಂಡತಿ ಲಕ್ಕಮ್ಮ ಅವನನ್ನು ಹೊಗಳಲಿಲ್ಲ. ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಹೆಚ್ಚಿನ ಆದಾಯ ಹೆಚ್ಚಿನ ಪುಣ್ಯವಲ್ಲವಾದರೆ ಕಡಿಮೆ ಆದಾಯ ಕಡಿಮೆ ಯೋಗ್ಯತೆಯೂ ಅಲ್ಲ. ಬಂದದ್ದು ದಾಸೋಹಕ್ಕೆ ಸೇರಬೇಕು ಎಂಬಲ್ಲಿ ಹೊಣೆ ಹಿಂದಿನ ಕರ್ಮದ ಕಡೆಗೆ ನೋಡುವುದನ್ನು ಬಿಟ್ಟು ಮುಂದಿನ ಪಂಕ್ತಿಯ ಕಡೆಗೆ ನೋಡುತ್ತದೆ. ಹಾಗೆ ನೋಡಿದರೆ 2025ರ ಬೆಲೆ ಏರಿಕೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು ಯಾರ ಪುಣ್ಯ ಎಂಬುದಲ್ಲ, ಸುಲಿಯುವವನ ಕೂಲಿಗೆ ಅದರಲ್ಲಿ ಎಷ್ಟು ಇಳಿಯಿತು ಎಂಬುದು. ಪುರುಷಕಾರಕ್ಕೆ ಇಲ್ಲಿ ಬೇಕಾದಷ್ಟು ಕೆಲಸವಿದೆ: ಸಹಕಾರ ಸಂಘ ನಡೆಸುವುದು, ಟೆಂಡರಿನಲ್ಲಿ ತೂಕ ಮತ್ತು ದರ ಕಾಯುವುದು, ನಾರನ್ನು ಹಗ್ಗವಾಗಿಸಿ ಮಾರುವುದು. ಯಾವುದೂ ಒಬ್ಬನ ಹಣೆಯ ಮೇಲಿನ ಕೆಲಸವಲ್ಲ.

ಮೂರನೆಯ ಆಕ್ಷೇಪ ಇವೆಲ್ಲಕ್ಕಿಂತ ಸೂಕ್ಷ್ಮ. ಕಾಯಕದ ಮಾತು ಜನರನ್ನು ಇದ್ದ ಕಸುಬಿಗೆ ಕಟ್ಟಿಹಾಕುವುದಿಲ್ಲವೇ? ಕಾಯಿ ಕೀಳುವವರು ಸಿಗುವುದಿಲ್ಲ ಎಂಬ ದೂರು ಈ ಸೀಮೆಯ ಪ್ರತಿ ತೋಟದಲ್ಲೂ ಇದೆ. ಆ ದೂರಿನೊಳಗೆ ಕೀಳುವವನ ಮಗನೂ ಮರ ಹತ್ತಬೇಕಿತ್ತು ಎಂಬ ಹೇಳದ ಆಸೆಯೂ ಇದೆ. ಜೈನ ಕಥನದ ಎರಡನೆಯ ಭಾಗವನ್ನು ಇಲ್ಲಿ ಮರೆಯಬಾರದು. ಆರು ಕಸುಬು ಕಲಿಸಿದ ವೃಷಭನಾಥನೇ ಕಸುಬಿನ ಆಧಾರದ ಮೇಲೆ ವರ್ಣಗಳನ್ನೂ ವಿಂಗಡಿಸಿದ ಎಂದು ಅದು ಹೇಳುತ್ತದೆ. ಕೆಲಸ ಕಲಿಸಿದ ಕೈಯೇ ಚೀಟಿಯನ್ನೂ ಅಂಟಿಸಿತು. ಜಾತಿ ವಿಂಗಡಿಸುವುದು ದುಡಿಮೆಯನ್ನಲ್ಲ, ದುಡಿಯುವವರನ್ನು ಎಂದು ಅಂಬೇಡ್ಕರ್ 1936ರಲ್ಲಿ ತೋರಿಸಿದ್ದು ಈ ಚೀಟಿಯ ವಿರುದ್ಧವೇ. ಹಾಗಾಗಿ ಮರ ಇಳಿದು ಪೀಣ್ಯದ ಬಸ್ಸು ಹತ್ತಿದವನ ನಡೆಯನ್ನು ನಾನು ಕಾಯಕದ್ರೋಹ ಎನ್ನಲಾರೆ. ಎಷ್ಟೋ ಸಲ ಅದು ಬಿಡುಗಡೆ. ಶರಣ ಪರಂಪರೆಯಲ್ಲೂ ಕಸುಬು ಬದಲಿಸಿದವರಿದ್ದಾರೆ. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣದಲ್ಲಿ ಸೌದೆ ಹೊರೆ ಮಾರಿದ ಎಂಬ ಕಥೆ ಹೇಳುವುದು ಕಸುಬಿನ ಪಲ್ಲಟವನ್ನೇ, ಅದೂ ಅಂಕಿಅಂಶದ ಕಣ್ಣಿಗೆ ಕೆಳಮುಖವಾಗಿ ಕಾಣುವ ಪಲ್ಲಟವನ್ನು. ಬಿಡಲೂ ಹಿಡಿಯಲೂ ಸಾಧ್ಯವಿರುವ ಕೆಲಸಕ್ಕೆ ಮಾತ್ರ ಕಾಯಕದ ಗೌರವ ಸಲ್ಲುತ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಿಂದ ಮರ ಹತ್ತುವುದನ್ನು ಯಾರಿಗಾದರೂ ಕಲಿಸಲು ಹೊರಟಿತು, ಹೆಂಗಸರಿಗೂ. ಅದರ ಫಲ ಎಷ್ಟೇ ಇರಲಿ, ಒಂದು ಕುಲದ ಹೆಗಲ ಮೇಲಿದ್ದ ಕೆಲಸವನ್ನು ಕಲಿತು ಹಿಡಿಯಬಹುದಾದ ಕೆಲಸವಾಗಿ ಬದಲಿಸುವ ಆ ಯೋಚನೆ ಸರಿಯಾದದ್ದು.

2027ರ ಮಾರ್ಚ್ 1ನ್ನು ಗಡಿಯಾಗಿ ಇಟ್ಟುಕೊಂಡು ಹೊಸ ಜನಗಣತಿ ಘೋಷಣೆಯಾಗಿದೆ. ಹದಿನಾರು ವರ್ಷಗಳ ಅಂತರದ ನಂತರ ಈ ಮೂರು ತಾಲ್ಲೂಕುಗಳಿಗೆ ಹೊಸ ಕಲಂಗಳು ಬರುತ್ತವೆ, ರಾಜ್ಯದ ಜೊತೆ ಹೊಸ ಹೋಲಿಕೆಗಳು ನಡೆಯುತ್ತವೆ. ಆಗ ತಿಪಟೂರಿನ ಕೋಷ್ಟಕವನ್ನು ಎದುರಿಗೆ ಇಟ್ಟುಕೊಂಡವರು ಮೊದಲು ನೋಡಬೇಕಾದದ್ದು ತೆಂಗು ಬೆಳೆಗಾರ ಯಾವ ಕಲಂನಲ್ಲಿ ಕೂತಿದ್ದಾನೆ ಎಂಬುದನ್ನು. ಆಮೇಲೆ ಎಷ್ಟು ಕಾಯಿ ಅಟ್ಟ ಏರಿತು, ಎಷ್ಟು ಎಳನೀರಾಗಿ ಲಾರಿ ಏರಿತು ಎಂಬುದನ್ನು. ಊರಿನ ಎಷ್ಟು ಮಕ್ಕಳು ಬೆಂಗಳೂರಿನ ಲೆಕ್ಕದಲ್ಲಿ ಸಿಕ್ಕುತ್ತಾರೆ ಎಂಬುದನ್ನು. ಇಷ್ಟನ್ನೂ ಕಳೆದ ಮೇಲೂ ಸ್ವಲ್ಪ ಉಳಿಯಬಹುದು. ಅದಕ್ಕೆ ‘ತಿಳಿಯದು’ ಎಂದು ಬರೆದು ಖಾಲಿ ಬಿಡಲು ಅಡ್ಡಿಯೇನಿಲ್ಲ.